ಮಂಚದಿಂದ ಕುರ್ಚಿಗೆ

ಜನವರಿ 9, ಬೆಳಿಗ್ಗೆ

ಅಕ್ಕ ನನ್ನನ್ನು ಎತ್ತಿ ಗಾಲಿಕುರ್ಚಿಗೆ ಕೂರಿಸಿದಳು — ದಿನದಂತೆ. ಇವತ್ತು ಮಾತ್ರ "ಅಯ್ಯೋ" ಅಂದು ಗೋಡೆ ಹಿಡಿದು ನಿಂತಳು. ಸೊಂಟ ಹಿಡಿದಿದೆ. "ಏನಿಲ್ಲ ಕಣೇ, ಕಾಲು ಜಾರ್ತು." ಸುಳ್ಳು. ಅಪಘಾತದಲ್ಲಿ ನನ್ನ ಕಾಲು ಸ್ವಾಧೀನ ತಪ್ಪಿದಾಗ ಕಡ್ಡಿಯಂತಿದ್ದೆ. ಹೂವೆತ್ತಿದಂತೆ ಎತ್ತುತ್ತಿದ್ದಳು. ಈಗ ಎರಡರಷ್ಟಾಗಿದ್ದೇನೆ. ಮನೆಯಿಂದಲೇ ಟ್ಯಾಕ್ಸಿ ಕಂಪನಿಯ ಕೆಲಸ, ಫೋನ್ ಕಿವಿಗಿಟ್ಟು ಇಡೀ ದಿನ ಕೂತಿರುವುದು, ಬಿಡುವಾದರೆ ಬಿಸ್ಕತ್ತು... ಇನ್ನೇನಾದೀತು.

ಜನವರಿ 12

ಡಾಕ್ಟರ ಹತ್ತಿರ ಹೋಗಿದ್ದೆವು. ಅಕ್ಕ ಇನ್ನು ಭಾರ ಎತ್ತಲೇಬಾರದಂತೆ. ಭಾರ ಅಂದರೆ ನಾನು. ನನ್ನ ಕಡೆ ತಿರುಗಿ, "ತೂಕ ಇಳಿಸಿ. ದಿನಾ ವಾಕಿಂಗ್ ಮಾಡಿ."

"ಆಗ್ಲಿ ಡಾಕ್ಟ್ರೇ. ಕಾಲು ನೀವು ಕೊಡಿ, ನಾನು ನಡೀತೀನಿ."

ಪಾಪ, ಕೆಂಪಾದರು. ನಿಲ್ಲಲಾರದವರನ್ನು ತೂಗುವ ಮೆಷಿನ್ ಅಲ್ಲಿಲ್ಲ. ತೂಕವನ್ನು ಕಣ್ಣಳತೆಯಲ್ಲೇ ಬರೆದುಕೊಂಡರು. ಪುಣ್ಯಕ್ಕೆ ಫಿಸಿಯೋ ಹತ್ತಿರ ಕಳಿಸಿದ್ದಾರೆ.

ಸಂಜೆ ಅಣ್ಣನ ಫೋನ್. ನನ್ನನ್ನು ಯಾವುದಾದರೂ ಹೋಮ್‌ಗೆ ಸೇರಿಸೋಣ ಅಂದ. "ಬಾಯ್ಮುಚ್ಚು" ಅಂದಳು ಅಕ್ಕ. ನಾನೂ ಬಾಯಿ ಮುಚ್ಚಿಕೊಂಡೆ. ಅವನಿಗೂ ಅವಳು ಅಕ್ಕನೇ, ಅವಳ ಸೊಂಟದ ಚಿಂತೆ ಅವನಿಗೂ ಇದೆ.

ನಾಳೆಯಿಂದ ಎತ್ತಲು ಆಯಾ ಬರುತ್ತಾಳೆ.

ಜನವರಿ 20

ಫಿಸಿಯೋ ಮೇಡಂ ಕಾಲು ಮುಟ್ಟಲೇ ಇಲ್ಲ. "ಕೈ ತೋರ್ಸಿ" ಅಂದರು. ತೋಳು ಅಮುಕಿ ನೋಡಿ, "ಇಷ್ಟು ಒಳ್ಳೇ ಕೈನ ಬಿಸ್ಕತ್ತಿನ ಡಬ್ಬ ಎತ್ತೋಕೆ ಇಟ್ಕೊಂಡಿದ್ದೀರಲ್ರೀ!"

ನಕ್ಕುಬಿಟ್ಟೆ. ಒಂದು ನುಣುಪು ಹಲಗೆ ಕೊಟ್ಟರು. ಒಂದು ತುದಿ ಮಂಚದ ಮೇಲೆ, ಇನ್ನೊಂದು ಕುರ್ಚಿಯ ಮೇಲೆ. ಕೈಯೂರಿ ಜಾರಿಕೊಂಡು ದಾಟಬೇಕು. ಅದಕ್ಕೆ ಮೈ ಇಳಿಯಬೇಕು, ತೋಳು ಬಲಿಯಬೇಕು.

ಫೆಬ್ರವರಿ 3

ಊಟದ ಯುದ್ಧ. ಅಕ್ಕ ಎರಡನೇ ಸಲ ಬಡಿಸಲು ಬಂದಾಗ ತಟ್ಟೆಗೆ ಕೈ ಅಡ್ಡ ಹಿಡಿದೆ.

"ನಿಂಗಿರೋದು ಇದೊಂದು ಸುಖ. ಅದನ್ನೂ ಬಿಡ್ತೀಯಾ?"

"ಇದೊಂದೇ ಅಂತ ಯಾರಂದ್ರು ಅಕ್ಕಾ?"

ಸೌಟು ಪಾತ್ರೆಗೆ ಹಾಕಿದಳು. ಆಮೇಲೆ ಒಳಗೆ ಹೋಗಿ ಅತ್ತಳು. ಆದರೂ ನಾನು ತಟ್ಟೆಯಿಂದ ಕೈ ತೆಗೆಯಲಿಲ್ಲ.

ಮಾರ್ಚ್ 17

ಬಿದ್ದೆ. ಹಲಗೆಯ ಮೇಲೆ ಜಾರುವಾಗ ಕುರ್ಚಿ ಹಿಂದೆ ಸರಿಯಿತು, ನಾನು ಧೊಪ್ಪನೆ ನೆಲಕ್ಕೆ. ಅಕ್ಕ ಓಡಿ ಬಂದು ಬಗ್ಗಿದಳು. "ಎತ್ತಬೇಡ!" ಅಂತ ಕಿರುಚಿದೆ. ಪಕ್ಕದಲ್ಲೇ ಕುಸಿದು ಕೂತಳು. ಆಯಾ ಬರುವವರೆಗೂ ನೆಲದ ಮೇಲೆ ಇಬ್ಬರೂ.

"ಸಾಕು ಬಿಡೇ..."

"ಬ್ರೇಕ್ ಹಾಕೋದು ಮರೆತೆ. ಅಷ್ಟೇ."

ಅಷ್ಟೇ ಅಲ್ಲ. ತುಂಬ ಹೆದರಿದ್ದೇನೆ.

ಜೂನ್ 28, ಬೆಳಿಗ್ಗೆ

ಆಯಿತು!! ಬ್ರೇಕ್. ಹಲಗೆ. ಕೈ. ಸ್ವಲ್ಪ... ಇನ್ನೂ ಸ್ವಲ್ಪ — ಕುರ್ಚಿ! ನೇರ ಅಡುಗೆಮನೆಗೆ ಹೋಗಿ, "ಕಾಫಿ ಆಯ್ತಾ?" ಅಂದೆ.

"ಇರೇ, ಆಯಾ ಬಂದು ಎತ್ತಲಿ, ಆಮೇಲೆ—" ತಿರುಗಿದಳು. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ಯಾರು ನೋಡಿದರು! "ಕತ್ತೇ, ಹೇಳ್ದೆ ಕೇಳ್ದೆ..." ಅಂತ ಬೈಯುತ್ತಲೇ ತಬ್ಬಿಕೊಂಡಳು. ಅಣ್ಣನಿಗೆ ಅವಳೇ ಫೋನ್ ಮಾಡಿದಳು: "ನಿನ್ನ ಹೋಮ್‌ಗೆ ನೀನೇ ಸೇರ್ಕೋ!"

ಆಗಸ್ಟ್ 2

ಅಕ್ಕ ಗೆಳತಿಯ ಮನೆಗೆ ಹೋಗಿದ್ದಾಳೆ. ನಾಳೆ ಬರುತ್ತಾಳೆ. ನನ್ನ ಅಪಘಾತವಾದ ಮೇಲೆ ಅವಳು ಬೇರೆ ಕಡೆ ಮಲಗುವುದು ಇದೇ ಮೊದಲು. ಇನ್ನೂ ದಪ್ಪಗೇ ಇದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ನಾನೇ ಎದ್ದೆ, ನಾನೇ ಸ್ನಾನ ಮಾಡಿದೆ, ಕೂದಲು ಒಣಗಲು ಬಿಟ್ಟು ಕಿಟಕಿಯ ಬಿಸಿಲಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬೆಲ್ ಆಯಿತು. ಯಾರಿರಬಹುದು? "ಬಂದೆ ಇರೀ" ಅಂತ ಕೂಗಿದ್ದೇನೆ. ಹೋಗಿ ನಾನೇ ಬಾಗಿಲು ತೆ—