ಜೋಡಿ ಎಂದು ತಂದ ಮೀನು

ಬೇಲೂರು
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ರಾಜಣ್ಣನಿಗೆ,

ನಿನ್ನ ತಂಗಿ ರಮಾ ಮಾಡುವ ಶರಣು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅತ್ತಿಗೆಯ ಮಂಡಿನೋವು ಹೇಗಿದೆ? ನೀನು ಫೋನಿನಲ್ಲಿ ಕೇಳಿದ ಮಾತಿಗೆ ಇಷ್ಟು ದಿನ ಉತ್ತರ ಕೊಡದೆ ಇದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು "ಹೂಂ, ಹೂಂ" ಅನ್ನುತ್ತ ಕೊಬ್ಬರಿ ಮಂಡಿಯ ಆಳುಗಳ ಕಡೆ ನೋಡುತ್ತಿರುತ್ತೀಯೆ. ಕಾಗದವಾದರೆ ಕೂತು ಓದಲೇಬೇಕು, ಅದಕ್ಕೇ ಬರೆಯುತ್ತಿದ್ದೇನೆ.

"ಅವ್ವನ ವರ್ಷದ ಪೂಜೆ ಈ ಸಲ ನಮ್ಮನೇಲೂ ಐತೆ, ಶಶಿ ಮನೇಲೂ ಐತೆ. ನೀನು ಯಾರ ಮನೇಗೆ ಬತ್ತೀಯಾ ಹೇಳ್ಬಿಡು" ಎಂದೆಯಲ್ಲ. ಮಾರನೆಯ ದಿನ ತಮ್ಮ ಶಶಿಧರನೂ ಅದನ್ನೇ ಕೇಳಿದ. ಬೇಸಿಗೆಯಲ್ಲಿ ಇಬ್ಬರೂ ಮನೆ ಹಂಚಿಕೊಂಡು ಪಡಸಾಲೆಯ ನಡುವೆ ಗೋಡೆ ಎಬ್ಬಿಸಿದಿರಿ. ಈಗ ನನ್ನನ್ನೂ ಯಾವ ಪಾಲಿಗೆ ಹಾಕಿಕೊಳ್ಳುವುದೆಂದು ನೋಡುತ್ತಿದ್ದೀರಿ. ಉತ್ತರ ಕೊಡುತ್ತೇನೆ, ಅದಕ್ಕೂ ಮೊದಲು ಇಲ್ಲಿಯ ಒಂದು ಸುದ್ದಿ ಕೇಳು.

ನಿನ್ನ ಭಾವ ಇಂದ್ರೇಶರಿಗೆ ಸ್ಟುಡಿಯೋದಲ್ಲಿ ಕೆಲಸ ಕಡಿಮೆ. ದೇವಸ್ಥಾನಕ್ಕೆ ಬರುವವರೆಲ್ಲ ಮೊಬೈಲಿನಲ್ಲೇ ಫೋಟೋ ತೆಗೆದುಕೊಳ್ಳುತ್ತಾರೆ. ಕೈ ಸುಮ್ಮನಿರಬೇಕಲ್ಲ, ನಡುಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು, ಪ್ಯಾಕೆಟ್ಟಿನ ಉಪ್ಪು ಕಲಸಿ, ಬೇಲೂರಿಗೆ ಸಮುದ್ರ ತಂದಿದ್ದಾರೆ. ಮೀನು ತರುತ್ತೇನೆ ಎಂದ ಕೂಡಲೇ ಅತ್ತೆ ಮುದ್ದಮ್ಮನವರು ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತು, "ಲಿಂಗ ಕಟ್ಕಂಡಿರೋ ಮನೆ ಕಣೋ ಇದು" ಎಂದಿದ್ದರು. ಈಗ ಮೀನಿಗೆ ಶರಣು ಹೇಳದೆ ಅವರು ಕಾಫಿ ಕುಡಿಯುವುದಿಲ್ಲ.

ಎರಡು ತಿಂಗಳ ಹಿಂದೆ ಇವರು ಮಂಗಳೂರಿನಿಂದ ಎರಡು ಮ್ಯಾಂಡರಿನ್ ಮೀನು ತಂದರು. ಕಿರುಬೆರಳಿನಷ್ಟು ಉದ್ದ, ನೀಲಿ ಮೈಮೇಲೆ ಕಿತ್ತಳೆ ಬಣ್ಣದ ಬಳ್ಳಿ ರಂಗೋಲಿ. ಅಂಗಡಿಯವನು "ಜೋಡಿ ಸಾರ್, ಒಂದು ಗಂಡು ಒಂದು ಹೆಣ್ಣು" ಎಂದನಂತೆ, ಬಣ್ಣಕ್ಕೆ ಮರುಳಾಗಿ ಇವರು ಮರುಮಾತಾಡದೆ ತಂದರು. ಆದರೆ ಸಂಜೆಯಾದರೆ ಸಾಕು, ದೊಡ್ಡದು ಚಿಕ್ಕದನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. "ಗಂಡ ಹೆಂಡ್ರ ಜಗಳ ಉಂಡು ಮಲಗೋ ತಂಕ, ಬಿಡು" ಎಂದರು ಅತ್ತೆ. ಇವರಿಗೆ ಅನುಮಾನ ಬಂದು ಕ್ಯಾಮೆರಾಕ್ಕೆ ದೊಡ್ಡ ಲೆನ್ಸ್ ಹಾಕಿ ಫೋಟೋ ತೆಗೆದರು. ಗಂಡಿಗೆ ಬೆನ್ನಿನ ಮುಂದಿನ ರೆಕ್ಕೆಯಲ್ಲಿ ಉದ್ದನೆಯ ಕಡ್ಡಿಯೊಂದು ಎದ್ದು ನಿಲ್ಲುತ್ತದೆ. ಫೋಟೋದಲ್ಲಿ ನೋಡಿದರೆ ಎರಡಕ್ಕೂ ಇತ್ತು.

ಎರಡು ಗಂಡು ಒಂದೇ ತೊಟ್ಟಿಯಲ್ಲಿ ಬಾಳುವುದಿಲ್ಲವಂತೆ. ಅದೂ ಅಲ್ಲದೆ ಇವು ನಾವು ಹಾಕಿದ್ದನ್ನು ಮೂಸಿಯೂ ನೋಡುವುದಿಲ್ಲ. ಕಲ್ಲಿನ ಸಂದಿಯಲ್ಲಿ ಹುಟ್ಟುವ ಸಣ್ಣ ಸಣ್ಣ ಹುಳಗಳನ್ನು ದಿನವಿಡೀ ಕುಕ್ಕಿ ತಿನ್ನುತ್ತಿರಬೇಕು. ನಮ್ಮ ತೊಟ್ಟಿಯಲ್ಲಿ ಹುಟ್ಟುವುದು ಒಂದರ ಹೊಟ್ಟೆಗೆ ಮಾತ್ರ. ಚಿಕ್ಕದು ಕಲ್ಲಿನ ಹಿಂದೆ ಅವಿತುಕೊಂಡು ದಿನೇ ದಿನೇ ಸೊರಗುತ್ತಿತ್ತು.

ಇವರು ನಡುವೆ ಒಂದು ಗಾಜು ನಿಲ್ಲಿಸಿದರು. ಇನ್ನಾದರೂ ಎರಡೂ ನೆಮ್ಮದಿಯಾಗಿ ಇರುತ್ತವೆ ಎಂದುಕೊಂಡೆವು. ಎಲ್ಲಿಯ ನೆಮ್ಮದಿ, ಎರಡೂ ಮೇಯುವುದನ್ನು ಬಿಟ್ಟು ಕಡ್ಡಿ ಎತ್ತಿಕೊಂಡು ಗಾಜಿನ ಹತ್ತಿರವೇ ನಿಂತವು. ಆ ದಿನ ನನಗೆ ನೀವಿಬ್ಬರು ನೆನಪಾದಿರಿ. ಗೋಡೆ ಎದ್ದ ಮೇಲೂ ನೀನು ಫೋನು ಮಾಡಿದರೆ ಮೊದಲು ಕೇಳುವುದು "ಶಶಿ ಏನಂದ?" ಎಂದು. ಅವನು ಮಾಡಿದರೆ "ಅಣ್ಣ ಏನಂದ?" ಎಂದು. ನಿಮಗೆ ಸುದ್ದಿ ತಂದುಕೊಡುವುದಕ್ಕೆ ನಾನಾದರೂ ಇದ್ದೇನೆ, ಪಾಪ ಆ ಮೀನುಗಳಿಗೆ ಅಕ್ಕತಂಗಿಯರಿರಲಿಲ್ಲ.

ಕೊನೆಗೆ ಚಿಕ್ಕದನ್ನು ಹಾಸನದ ಗೆಳೆಯ ಬಸವಕುಮಾರರ ದೊಡ್ಡ ತೊಟ್ಟಿಗೆ ಕೊಟ್ಟು ಬಂದರು. ಈಗ ಅದರ ಹೊಟ್ಟೆ ತುಂಬಿದೆಯಂತೆ. ನಮ್ಮದೂ ತನ್ನ ಪಾಡಿಗೆ ತಾನು ಮೇಯುತ್ತಿದೆ.

ಒಟ್ಟಿಗಿರಿ ಎಂದು ಹೇಳುವುದಕ್ಕೆ ಇದನ್ನೆಲ್ಲ ಬರೆದೆ ಎಂದುಕೊಳ್ಳಬೇಡ. ಜೋಡಿ ಎತ್ತು, ಜೋಡಿ ಎತ್ತು ಎಂದು ಅಪ್ಪ ನಿಮ್ಮನ್ನು ಒಂದೇ ನೊಗಕ್ಕೆ ಕಟ್ಟಿದ್ದರು. ಅದು ಇಬ್ಬರಿಗೂ ಆಗಿ ಬರಲಿಲ್ಲ, ಬೇರೆಯಾದಿರಿ. ಅದರಲ್ಲಿ ತಪ್ಪೇನೂ ಇಲ್ಲ. ನನಗೆ ಕೋಪ ಇರುವುದು ಬೇರೆಯಾದ ಮೇಲೂ ಗಾಜಿನ ಹತ್ತಿರ ನಿಂತಿದ್ದೀರಲ್ಲ, ಅದಕ್ಕೆ. ಅವ್ವನ ಪೂಜೆಯಲ್ಲೂ ಯಾರ ಮನೆಯಲ್ಲಿ ಎಷ್ಟು ಎಲೆ ಬಿದ್ದವು ಎಂದು ನೋಡಿಕೊಳ್ಳುವುದಾದರೆ, ನನ್ನದೊಂದು ಎಲೆ ಎರಡೂ ಕಡೆ ಬೇಡ.

ಆದ್ದರಿಂದ ನನ್ನ ಉತ್ತರ ಇದು. ನೀವಿಬ್ಬರೂ ಕೂತು ಮಾತಾಡಿ, ಒಬ್ಬರು ಇಬ್ಬರ ಪರವಾಗಿ ಕರೆದರೆ, ಯಾರ ಮನೆಯಾದರೂ ಸರಿ, ಬರುತ್ತೇನೆ. ಇಲ್ಲದಿದ್ದರೆ ಹಾಸನದ ಮೇಲೆ ಬಂದು, ಅರಸೀಕೆರೆಯ ನಿಮ್ಮ ಮನೆಗಳವರೆಗೂ ಬಾರದೆ ಹಾರನಹಳ್ಳಿಯಲ್ಲೇ ಬಸ್ಸಿಳಿದು, ತೋಟದಲ್ಲಿರುವ ಅವ್ವನ ಸಮಾಧಿಗೆ ಹೂವಿಟ್ಟು, ಅಲ್ಲಿಂದಲೇ ತಿರುಗಿ ಹೋಗುತ್ತೇನೆ. ಆ ಜಾಗವನ್ನು ನೀವಿನ್ನೂ ಹಂಚಿಕೊಂಡಿಲ್ಲ ಎಂದುಕೊಂಡಿದ್ದೇನೆ. ಇದೇ ಕಾಗದದ ಇನ್ನೊಂದು ಪ್ರತಿಯನ್ನು ಶಶಿಗೂ ಹಾಕುತ್ತಿದ್ದೇನೆ, ಅವನು ಏನಂದ ಎಂದು ನನ್ನನ್ನು ಕೇಳಬೇಡ.

ಅತ್ತಿಗೆಗೆ ಶರಣು. ಮಗಳು ಸಿರಿ ಚೆನ್ನಾಗಿ ಓದಲಿ, ಬೇಲೂರಿನ ಅತ್ತೆ ಮುತ್ತು ಕೊಟ್ಟಳೆಂದು ಹೇಳು. ನಿನ್ನ ಮಂಡಿಯೂ ಮನೆಯೂ ತುಂಬಿರಲಿ.

ನಿನ್ನ ತಂಗಿ,
ರಮಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಈ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಶಶಿ ಕಳಿಸುತ್ತಾನೆ ಎಂದು ನೀನು, ಅಣ್ಣ ಕಳಿಸುತ್ತಾನೆ ಎಂದು ಅವನು ಸುಮ್ಮನಾದಿರಿ, ಅಷ್ಟೇ ಎಂದು ನಂಬಿದ್ದೇನೆ. ಹಬ್ಬದ ಬೆಳಗ್ಗೆ ನಾನು ಒಲೆಗೂ ಬಾಗಿಲಿಗೂ ಓಡಾಡುವುದನ್ನು ನೋಡಿ ಇವರು ಹೊರಗೆ ಹೋದರು. ಬರುವಾಗ ಕೈಯಲ್ಲಿ ಮೊರದ ಬಾಗಿನ. "ಅರಸೀಕೆರೆಯಿಂದ ಬಸ್ಸಲ್ಲಿ ಕಳ್ಸಿದ್ದಾರೆ ಕಣೇ" ಎಂದರು. ಒಳಗಿದ್ದ ರವಿಕೆ ಕಣ ನಮ್ಮ ಬೇಲೂರಿನ ಅಂಗಡಿಯದು, ಹಿಂದಿನ ವಾರ ನಾನೇ ನೋಡಿ ಬೇಡವೆಂದು ಬಿಟ್ಟು ಬಂದದ್ದು. ನನಗೆ ಗೊತ್ತಾಯಿತೆಂದು ಅವರಿಗೆ ಗೊತ್ತಿಲ್ಲ, ನೀನೂ ಹೇಳಬೇಡ. ಅತ್ತೆ ಮೊರ ಮುಟ್ಟಿ ನೋಡಿ, "ಯಾರು ಕಳ್ಸಿದ್ದವ್ವ, ಅಣ್ಣನಾ ತಮ್ಮನಾ?" ಎಂದು ಕೇಳಿದರು.

"ಇಬ್ರೂ ಸೇರಿ ಕಳ್ಸವ್ರೆ ಅತ್ತೆ" ಅಂದೆ.