ತಾನ್ ಬತ್ತಾ ಹಬ್ಬ

27 ಜೂನ್ 2001, ಬುಧವಾರ

ಗೋಡೌನ್ ಎಣಿಕೆ. ಕುರ್ಚಿ 412, ಕಾಲು ಮುರಿದದ್ದು 9. ಶಾಮಿಯಾನ 23, ಇಲಿ ಕಚ್ಚಿದ್ದು 2. ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಸಾಯುವವರಿಗೆ ಮಾತ್ರ ಆಷಾಢ ಗೊತ್ತಿಲ್ಲ, ಈ ವಾರ ಎರಡು ಸಾವಿನ ಮನೆಗೆ ಶಾಮಿಯಾನ ಹೋಯಿತು.

ಇಲಿ ಕಚ್ಚಿದ್ದರಲ್ಲಿ ಒಂದು ಹಳೆಯದು, ಕೆಂಪು ಹಳದಿ ಪಟ್ಟೆ. ಗಿರಿಜ ಹೊಲಿದದ್ದು. ಕೆಲಸದ ಬೀರೇಶ್ ಕೇಳಿದ: "ಇದ್ನ ಬಿಸಾಕನಾ ತೋಂಟಣ್ಣ?" ಮಡಿಚಿ ಅಟ್ಟದ ಮೇಲಿಡು ಅಂದೆ. "ಎರಡ್ ವರ್ಷದಿಂದ ಅಲ್ಲೇ ಐತೆ. ಬಾಡಿಗೆಗೂ ಕೊಡಕಿಲ್ಲ, ಬಿಸಾಕಕೂ ಬಿಡಕಿಲ್ಲ" ಅಂತ ಗೊಣಗಿದ. ಗೊಣಗಲಿ. ದುಡಿಯದ ಮಾಲನ್ನು ಇಟ್ಟುಕೊಳ್ಳುವುದು ದಡ್ಡತನ ಅಂತ ಅವನಿಗೆ ಕಲಿಸಿದವನೇ ನಾನು.

ಆಷಾಢಕ್ಕೆ ಹೊಸ ಸೊಸೆಯರು ತವರಿಗೆ ಹೋಗುತ್ತಾರೆ. ನನ್ನ ಗಿರಿಜ ಇಪ್ಪತ್ತಾರು ವರ್ಷದ ಹಳಬಳು. ಅವಳು ತವರಿಗೆ ಹೋದ ಮೇಲೆ ಇದು ಮೂರನೆಯ ಆಷಾಢ. ತಿಪಟೂರಿನಿಂದ ಶೆಟ್ಟಿಕೆರೆ ಏನು ದೂರ? ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ...

2 ಜುಲೈ, ಸೋಮವಾರ

ಕಿಬ್ಬನಹಳ್ಳಿ ಕ್ರಾಸ್ ಹತ್ತಿರದ ಇದ್ದಿಲು ಕಾರ್ಖಾನೆಯಿಂದ ಫೋನು. ಆಫೀಸಿನ ಹುಡುಗಿ ಸೌಮ್ಯ. ನಮ್ಮ ತೆಂಗಿನ ಕರಟ ಸುಟ್ಟು ಇದ್ದಿಲು ಮಾಡಿ ಜಪಾನಿಗೆ ಕಳಿಸುತ್ತಾರೆ, ಅಲ್ಲಿ ಅದರಲ್ಲಿ ನೀರು ಸೋಸುತ್ತಾರಂತೆ. ಅದನ್ನು ನೋಡಿಕೊಳ್ಳಲು ಅಲ್ಲಿಂದ ಬಂದಿರುವ ಇಂಜಿನಿಯರು ಒಬ್ಬರಿದ್ದಾರೆ. ಹೆಸರು ಮೋರಿ. ಅವರ ಭಾಷೆಯಲ್ಲಿ ಮೋರಿ ಅಂದರೆ ಕಾಡು. ನಮ್ಮಲ್ಲಿ ಚರಂಡಿ. ಬಾಯಿತುಂಬ ಕರೆಯುವುದು ಹೇಗೆ? ಕೆಲಸದವರೆಲ್ಲ "ಕಾಡ್ ಸಾಹೇಬ್ರು" ಅನ್ನುತ್ತಾರೆ.

ಶನಿವಾರ ಅವರ ದೇಶದ ಹಬ್ಬ. ಬೆಂಗಳೂರಿನಲ್ಲಿರುವ ಅವರ ಜನ ಇಲ್ಲಿಗೇ ಬರುತ್ತಾರಂತೆ. ಶಾಮಿಯಾನ ಒಂದು, ಕುರ್ಚಿ ಐವತ್ತು, ಹಸಿ ಬಿದಿರು ನಾಲ್ಕು. ಮಾತಾಡಿ ಬರೋಣ ಅಂತ ನಾನೇ ಹೋದೆ.

ಗೇಟಿನ ಹತ್ತಿರ ಸಿದ್ದಗಂಗಮ್ಮ ಕರಟ ಆರಿಸುತ್ತಾ ಕೂತಿದ್ದಳು. ನಮ್ಮ ಬೀದಿಯವಳೇ, ನನಗಿಂತ ದೊಡ್ಡವಳು, ನನಗಿಂತ ಬಾಯಿ ಜೋರು.

"ಯಾವ್ ಹಬ್ಬಾಂತ ಗೊತ್ತೇನಪ್ಪ? ತಾನ್ ಬತ್ತಾ ಹಬ್ಬವಂತೆ!"

ತನಬತ ಅಂತ ಸೌಮ್ಯ ತಿದ್ದಿದಳು. ಸಿದ್ದಗಂಗಮ್ಮ ಕೇಳಬೇಕಲ್ಲ. "ಅದೇ ಕಣವ್ವ ನಾನೇಳಿದ್ದು. ತಾನ್ ಬತ್ತಾ. ತೋಂಟಣ್ಣ, ನಿಮ್ಮನೇಲೂ ಒಂದ್ ಸಲ ಮಾಡಿಸ್ಕಳಪ್ಪ."

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಊರಿಗೆಲ್ಲ ಗೊತ್ತಿರುವ ಮಾತು. ಗಿರಿಜ ಎಲ್ಲಿ ಅಂತ ಕೇಳಿದವರಿಗೆಲ್ಲ ನಾನು ಎರಡು ವರ್ಷದಿಂದ ಒಂದೇ ಉತ್ತರ ಕೊಟ್ಟಿದ್ದೇನೆ — ತಾನ್ ಬತ್ತಾಳೆ ಬುಡು.

ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಇಲ್ಲಿ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ತೊಂಬತ್ತೊಂಬತ್ತರ ಮೇ ತಿಂಗಳು, ವರ್ತಕರ ಸಂಘದಲ್ಲಿ ನನಗೆ ಸನ್ಮಾನ. ಲಾರಿ ಕ್ಲೀನರ್ ಆಗಿದ್ದವನು ಶಾಮಿಯಾನದ ಮಾಲೀಕನಾದ ಕತೆ ಹೇಳಿದೆ. ನಲವತ್ತು ನಿಮಿಷ. ಜನ ಬಿದ್ದು ಬಿದ್ದು ನಕ್ಕರು. ಕೈಹಿಡಿದವರು ಅಂತ ಹದಿನಾರು ಹೆಸರು ಹೇಳಿದೆ, ಲಾರಿ ಡ್ರೈವರ್, ಹಗ್ಗದ ಅಂಗಡಿಯವನು ಎಲ್ಲರೂ ಬಂದರು. ಮೊದಲ ಹನ್ನೊಂದು ಶಾಮಿಯಾನ ಕೈಮೆಷಿನ್ನಿನಲ್ಲಿ ಹೊಲಿದವಳು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಅವಳ ಹೆಸರು ಬರಲಿಲ್ಲ. ಮರೆತದ್ದಲ್ಲ. ಮನೆಯವಳ ಹೆಸರು ಮೈಕಿನಲ್ಲಿ ಯಾಕೆ ಅನ್ನಿಸಿತ್ತು.

ಮನೆಗೆ ಬಂದು ಒಂದೇ ಮಾತು ಕೇಳಿದಳು. "ಹದಿನಾರು ಆಯ್ತು. ಹದಿನೇಳಕ್ಕೆ ಟೈಮ್ ಇರ್ಲಿಲ್ವಾ?" ಬೆಳಿಗ್ಗೆ ಮೆಷಿನ್ ಹೊತ್ತುಕೊಂಡು ಬಸ್ಸು ಹತ್ತಿದಳು.

6 ಜುಲೈ, ಶುಕ್ರವಾರ

ಬೀರೇಶ್ ಮಾಡಿದ ಘನಂದಾರಿ ಕೆಲಸ. ಬಿಳಿಗೆರೆಯ ತೋಟದ ಬೇಲಿಯಿಂದ ನಾಲ್ಕು ಒಳ್ಳೆ ಬಿದಿರು ಕಡಿಸಿ ತಂದ. ತಂದವನು ರೆಂಬೆ ಕೊಂಬೆ ಸವರಿ, ಗಿಣ್ಣು ಹೆರೆದು, ಚಪ್ಪರದ ಗಳದಂತೆ ನುಣ್ಣಗೆ ಮಾಡಿ ಕಾರ್ಖಾನೆ ಮುಂದೆ ನಿಲ್ಲಿಸಿದ. ಅವರಿಗೆ ಬೇಕಿದ್ದದ್ದು ಎಲೆ. ಎಲೆ ಸಮೇತ ಬಿದಿರು ನಿಲ್ಲಿಸಿ, ಬಣ್ಣದ ಚೀಟಿಯಲ್ಲಿ ಮನಸ್ಸಿನ ಆಸೆ ಬರೆದು ಅದಕ್ಕೆ ಕಟ್ಟುವುದೇ ಹಬ್ಬ.

"ಬಿದ್ರು ಅಂದ್ರೆ ಬಿದ್ರು ಕಣಣ್ಣ. ಎಲೆ ಇದ್ರೆ ಅದು ಮಾಲಲ್ಲ, ಮೇವು."

ಬೈಯಲಿಲ್ಲ. ನಾನಿದ್ದರೂ ಅದನ್ನೇ ಮಾಡಿಸುತ್ತಿದ್ದೆ.

ಮೋರಿಯವರು ನುಣ್ಣನೆಯ ಗಳದ ಮೇಲೆ ಕೈಯಾಡಿಸಿದರು. ಬೇರೆ ಕಡಿಸಲು ಹೊತ್ತಿಲ್ಲ, ಆ ಮೆಳೆಯಲ್ಲಿ ಉಳಿದದ್ದೆಲ್ಲ ಮುಳ್ಳು. ಗಿರಾಕಿಯ ಮುಂದೆ ನನ್ನ ಬಾಯಿ ಸುಮ್ಮನಿರುವುದಿಲ್ಲ. "ಸಾಹೇಬ್ರೇ, ಗಳಕ್ಕೆ ತೆಂಗಿನ ಹಸಿ ಗರಿ ಕಟ್ಟಿಕೊಡ್ತೀನಿ. ಒಂದೊಂದು ಗರೀಲಿ ನೂರಾರು ಎಲೆ. ನಿಮ್ಮ ಜಪಾನಿಗೆಲ್ಲಾ ಆಗುವಷ್ಟು ಆಸೆ ಕಟ್ಟಬಹುದು." ಸೌಮ್ಯ ಇಂಗ್ಲಿಷಿನಲ್ಲಿ ಹೇಳಿದಳು. ಅವರು ನನ್ನ ಮುಖ ನೋಡಿದರು, ಆಮೇಲೆ ತೆಂಗಿನ ಮರದ ತುದಿ ನೋಡಿದರು. ತಲೆಬಾಗಿಸಿದರು. ಒಪ್ಪಿಗೆ ಅಂತ ಲೆಕ್ಕ.

ತಪ್ಪು ನಮ್ಮದು. ನಾಳೆ ನಾನೇ ನಿಂತು ಕಟ್ಟಬೇಕು.

8 ಜುಲೈ, ಭಾನುವಾರ, ಬೆಳಿಗ್ಗೆ 8

ನಿನ್ನೆ ಸಂಜೆ ಹಬ್ಬ ಆಯಿತು. ಎರಡು ವ್ಯಾನಿನಲ್ಲಿ ಹದಿನಾಲ್ಕು ಜನ. ಹೆಂಗಸರು ಹೂವಿನ ಬಟ್ಟೆಯ ನಿಲುವಂಗಿ ಸುತ್ತಿಕೊಂಡು, ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದಿದ್ದರು. ಹೊಲಿಗೆ ನೋಡಿದೆ. ಗಿರಿಜ ನೋಡಿದ್ದರೆ ಅವರನ್ನು ತಿರುಗಿಸಿ ನಿಲ್ಲಿಸಿ ಒಳಗಿನ ಮಡಿಕೆ ಎಣಿಸುತ್ತಿದ್ದಳು.

ಮೋರಿಯವರು ಗರಿಗಳನ್ನು ನೋಡಿ, ಕನ್ನಡದಲ್ಲೇ ಅಂದರು: "ತೊಂತಾ ಸಾನ್. ಇದು ತಿಪತೂರು ಬಿದಿರು." ಸಾನ್ ಅಂದರೆ ಅವರಲ್ಲಿ ನಮ್ಮ 'ಅವರೇ' ಇದ್ದ ಹಾಗಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಒಂದು ಕುರ್ಚಿ ಕೊಟ್ಟರು. ನನ್ನದೇ ಕುರ್ಚಿ.

ಹಬ್ಬದ ಕತೆಯನ್ನು ಅವರು ಹೇಳಿದರು, ಸೌಮ್ಯ ಕನ್ನಡಕ್ಕೆ ತಂದಳು. ಆಕಾಶದಲ್ಲಿ ಬಟ್ಟೆ ನೇಯುವ ಹೆಣ್ಣು, ದನ ಕಾಯುವ ಗಂಡು. ಮದುವೆಯಾದ ಮೇಲೆ ಇಬ್ಬರೂ ಕೆಲಸ ಬಿಟ್ಟರಂತೆ. ಸಿಟ್ಟಾದ ಹೆಣ್ಣಿನ ಅಪ್ಪ ನಡುವೆ ನಕ್ಷತ್ರದ ಹೊಳೆ ಹರಿಸಿದ. ವರ್ಷಕ್ಕೊಂದು ದಿನ ಸೇರಬಹುದು. ಮಳೆ ಬಂದರೆ ಅದೂ ಇಲ್ಲ.

ನಮ್ಮ ಮನೆಯಲ್ಲಿ ಯಾರೂ ಕೆಲಸ ಬಿಟ್ಟಿರಲಿಲ್ಲ. ಮಾಡಿದವರು ಯಾರು ಅಂತ ಹೇಳುವುದು ಬಿಟ್ಟುಹೋಗಿತ್ತು.

ಬಾಯಿ ತಡೆಯದೆ ಕೇಳಿದೆ. "ಹೊಳೆ ದಾಟೋದು ಯಾರಮ್ಮ? ಅವಳಾ, ಅವನಾ?"

ಸೌಮ್ಯ ಕೇಳಿದಳು. ಅವರವರಲ್ಲೇ ಸಣ್ಣ ಚರ್ಚೆ ಆಯಿತು, ಒಬ್ಬ ಹೆಂಗಸು ಅಡ್ಡ ಬಾಯಿ ಹಾಕಿದಳು. ಕೊನೆಗೆ ಮೋರಿಯವರು ಕೊಟ್ಟ ತೀರ್ಮಾನವನ್ನು ಸೌಮ್ಯ ಹೇಳಿದಳು: "ಅವನೇ ದಾಟ್ತಾನಂತೆ ಅಂಕಲ್. ದೋಣೀಲಿ."

ಹಿಂದಿನಿಂದ ಸಿದ್ದಗಂಗಮ್ಮನ ದನಿ: "ಹಂಗಾರೆ ತಾನ್ ಬತ್ತಾ ಹಬ್ಬ ಅಲ್ಲ ಕಣ್ರಲಾ, ತಾನ್ ಹೋಗಾ ಹಬ್ಬ!"

ಈ ಸಲ ನನಗೆ ನಗಲು ಆಗಲಿಲ್ಲ.

ಎಲ್ಲರಿಗೂ ಚೀಟಿ ಕೊಟ್ಟರು. ಮೋರಿಯವರು ಬರೆದದ್ದು ಏನು ಅಂತ ಕೇಳಿದೆ. ಊರಿನಲ್ಲಿರುವ ಅವರ ಹೆಂಡತಿ ಅಂಗಳದ ಗಿಡಕ್ಕೆ ನೀರು ಹಾಕುವುದನ್ನು ಮರೆಯದಿರಲಿ, ಅಂತಂತೆ. ಅಷ್ಟು ದೂರದಿಂದ ಅಷ್ಟು ಸಣ್ಣ ಆಸೆ. ಹೇಳಿ ಅವರು ಆಕಡೆ ತಿರುಗಿದರು. ಗಿಡದ ವಿಷಯ ಅಲ್ಲ ಅಂತ ನನಗೂ ಗೊತ್ತಾಯಿತು.

ನನಗೆ ಸಿಕ್ಕಿದ್ದು ಗುಲಾಬಿ ಬಣ್ಣದ್ದು. ಮೈಕು ಕೊಟ್ಟರೆ ನಲವತ್ತು ನಿಮಿಷ ಮಾತಾಡುವವನು ಪೆನ್ನು ಹಿಡಿದು ಕಾಲು ಗಂಟೆ ಕೂತೆ. ಗಿರಿಜಾಂಬಿಕಾ ಅಂತ ಬರೆದೆ. ಮುಂದೆ ಹೋಗಲಿಲ್ಲ.

"ಇದು ಹೆಸರು ಅಂಕಲ್. ಆಸೆ ಎಲ್ಲಿ?"

"ಅಷ್ಟೇ ಕಣಮ್ಮ."

ಕಟ್ಟುವಾಗ ಸೋನೆ ಹಿಡಿಯಿತು. ಪುನರ್ವಸು ಮಳೆ, ಅದಕ್ಕೆ ಜಪಾನಿನ ಪಂಚಾಂಗ ಗೊತ್ತಿಲ್ಲ. ಹದಿನಾಲ್ಕು ಜನವೂ ಶಾಮಿಯಾನದಿಂದ ಆಚೆ ಬಂದು ನೆನೆಯುತ್ತಾ ಮೋಡ ನೋಡಿದರು. ಒಂದು ನಕ್ಷತ್ರವೂ ಕಾಣಲಿಲ್ಲ.

9 ಜುಲೈ, ಸೋಮವಾರ

ಹಬ್ಬ ಮುಗಿದ ಮೇಲೆ ಚೀಟಿಗಳನ್ನು ಹೊಳೆಗೆ ಬಿಡಬೇಕು, ಇಲ್ಲವೇ ಸುಡಬೇಕು. ಹೊಳೆ ಇಲ್ಲ, ಕರಟ ಸುಡುವ ಒಲೆ ಇದೆ. ಗಳ ಬಿಚ್ಚಲು ಹೋದವನಿಗೆ ಮೋರಿಯವರು ಆ ಕೆಲಸವನ್ನೂ ವಹಿಸಿದರು. ಕಟ್ಟಿದ್ದು ನಲವತ್ತೊಂದು. ಸುಟ್ಟದ್ದು ನಲವತ್ತು.

ಬದುಕಿರುವವಳ ಹೆಸರು ಬೆಂಕಿಗೆ ಹಾಕುವುದು ಹೇಗೆ? ಅವರ ಪದ್ಧತಿ ಅವರಿಗಿರಲಿ. ಜೇಬಿಗೆ ಹಾಕಿಕೊಂಡೆ. ಮಳೆಗೆ ಶಾಯಿ ಸ್ವಲ್ಪ ಹರಡಿದೆ. ಓದಬಹುದು.

14 ಜುಲೈ, ಶನಿವಾರ

ಬಸ್ ಸ್ಟ್ಯಾಂಡಿನ ತನಕ ಹೋದೆ. ಶೆಟ್ಟಿಕೆರೆ ಬಸ್ಸಿಗೆ ಮೂವತ್ತೊಂದು ಜನ ಹತ್ತಿದರು. ಎಣಿಸಿದೆ. ಹತ್ತಲಿಲ್ಲ.

21 ಜುಲೈ, ಶನಿವಾರ, ಸಂಜೆ 5

ಶ್ರಾವಣ ಹುಟ್ಟಿತು. ಬೆಳಿಗ್ಗೆ ಶರ್ಟಿನ ಬಟ್ಟೆ ತೆಗೆದುಕೊಂಡು ಬಸ್ಸು ಹತ್ತಿದೆ. ನೆಪವಿಲ್ಲದೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ.

ಶೆಟ್ಟಿಕೆರೆಯಲ್ಲಿ ಗಿರಿಜ ಇಟ್ಟಿರುವುದು ಒಂದೇ ಮಳಿಗೆಯ ಹೊಲಿಗೆ ಅಂಗಡಿ. ಮೆಷಿನ್ ಅದೇ. ಕನ್ನಡಕ ಬಂದಿದೆ ಅವಳಿಗೆ. ತಲೆಯೆತ್ತಿ ನೋಡಿದಳು. ನೂಲು ಕಡಿದಳು.

"ಏನ್ ಬೇಕಿತ್ತು?"

"ಶರ್ಟು ಹೊಲಿಸಬೇಕಿತ್ತು."

"ಬೋರ್ಡ್ ನೋಡ್ಲಿಲ್ವಾ? ಇಲ್ಲಿ ಹೆಂಗಸರ ಬಟ್ಟೆ ಮಾತ್ರ."

ನಿಂತೆ. ಇನ್ನೊಬ್ಬಳು ಗಿರಾಕಿ ಬಂದು, ರವಿಕೆ ತೆಗೆದುಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದಳು. ಆಮೇಲೆ ಗಿರಿಜ ಟೇಪು ಕೊರಳಿನಿಂದ ತೆಗೆದಳು. ಎದೆ ಸುತ್ತ ಹಿಡಿದಾಗ ಜೇಬಿನಲ್ಲಿ ಕಾಗದ ಸದ್ದು ಮಾಡಿತು.

"ಅದೇನು? ತೆಗೀರಿ, ಅಳತೆ ತಪ್ಪುತ್ತೆ."

ಮೇಜಿನ ಮೇಲಿಟ್ಟೆ. ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ನನ್ನ ಹೆಸರಲ್ಲಿ ಬಿಲ್ ತಂದಿದೀರಾ?"

"ಬಿಲ್ ಅಲ್ಲ ಗಿರಿಜ. ಹಬ್ಬದ್ದು. ಜಪಾನಿನವರು ಕಾರ್ಖಾನೆ ಹತ್ರ ಮಾಡಿದ್ರು. ಮನಸ್ಸಲ್ಲಿ ಇರೋದನ್ನ ಬರೀಬೇಕಂತೆ. ಬರ್ದೆ."

ಹರಡಿದ ಶಾಯಿಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು. ಆಮೇಲೆ:

"ನೀವು ನನ್ನ ಹೆಸರು ಬರೆಯೋಕೆ ಜಪಾನಿನವರು ಬರಬೇಕಾಯ್ತಾ?"

ಅವಳು ಮತ್ತೆ ಟೇಪು ಹಿಡಿದಳು. "ಮೂವತ್ತೆಂಟು. ನಲವತ್ತಿತ್ತು. ಯಾರು ಅಡುಗೆ ಮಾಡೋದು?" ಹಳೆಯ ಅಳತೆ ಯಾವ ಪುಸ್ತಕದಲ್ಲೂ ನೋಡಲಿಲ್ಲ. ಮೆಸ್ ಅಂದೆ. ಹ್ಞೂಂ ಅಂದಳು.

"ಶುಕ್ರವಾರ ಬನ್ನಿ."

ಚೀಟಿ ವಾಪಸು ಕೇಳಲಿಲ್ಲ. ಅವಳೂ ಕೊಡಲಿಲ್ಲ.

27 ಜುಲೈ, ಶುಕ್ರವಾರ, ಬೆಳಿಗ್ಗೆ 7

ಕ್ಷೌರ ಆಯಿತು. ಬಸ್ಸು ಏಳೂವರೆಗೆ. ಆರು ದಿನದಿಂದ ಬಾಯಿಪಾಠ ಮಾಡುತ್ತಿದ್ದೇನೆ, ಒಂದು ಸಾಲೂ ನಿಲ್ಲುತ್ತಿಲ್ಲ. ಕ್ಷಮಿಸು ಅಂದರೆ ನಾಟಕದ ಮಾತು. ತಪ್ಪಾಯ್ತು ಅಂದರೆ ಕುರ್ಚಿ ಕಡಿಮೆ ಬಿದ್ದಾಗ ಗಿರಾಕಿಗೆ ಹೇಳುವ ಮಾತು, ಅವಳು ಸಾವಿರ ಸಲ ಕೇಳಿದ್ದಾಳೆ. ಮನೆಗೆ ಬಾ ಅನ್ನುವ ಹಕ್ಕು ಇದೆಯೋ ಇಲ್ಲವೋ... ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಬರುವುದಿಲ್ಲ ಅಂದರೆ? ಶರ್ಟು ಹೊಲಿಸುತ್ತಲೇ ಇರುತ್ತೇನೆ, ವಾರಕ್ಕೊಂದು.

ಬೀರೇಶ್ ಹೊರಗಿಂದ ಕೂಗುತ್ತಿದ್ದಾನೆ, ಹೊತ್ತಾಯ್ತು ಅಂತ. ಇಲ್ಲಿ ಬರೆದು ನೋಡುತ್ತೇನೆ, ಆಗುತ್ತದೋ ಏನೋ.

ಗಿರಿಜ, ಆವತ್ತು ಮೈಕಿನ ಮುಂದೆ ನಿಂತಾಗ ನಾನು ನಿನ್ನ ಕಡೆ ನೋಡಿದ್ದೆ. ನೋಡಿಯೂ ನಾನು—