ಗೋಡೆ ಬೇಕೋ, ಕೈಪಂಪು ಬೇಕೋ

ನೆದರ್ಟನ್
೯ ಮಾರ್ಚ್ ೧೯೭೩, ಶುಕ್ರವಾರ

ಪ್ರೀತಿಯ ಅಪ್ಪನಿಗೆ,

ಈ ಕಾಗದ ಮಂಗಳವಾರಕ್ಕೆ ಮೊದಲೇ ನಿನ್ನ ಕೈ ಸೇರಬೇಕು. ಅದಕ್ಕೇ ಕಾರ್ಖಾನೆಯ ಊಟದ ವಿರಾಮದಲ್ಲಿ, ಬೀಗ ತುಂಬಿದ ಪೆಟ್ಟಿಗೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನೀನು ನಮ್ಮನ್ನು ಬಿಟ್ಟು ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಬೇರೆ ಮನೆ ಮಾಡಿದ ಮೇಲೆ ನಾನು ನಿನಗೆ ಬರೆದದ್ದಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ಆದರೆ ಕುಶಲ ಹೇಳಲು ಬರೆಯುತ್ತಿಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ.

ನಮ್ಮ ಆಂಕರ್ ಪಬ್ಬಿನಲ್ಲಿ ಪೀಪಾಯಿಯಿಂದ ಬಿಯರು ಎಳೆಯುವ ಕೈಪಂಪುಗಳನ್ನು ಕಿತ್ತು ಗ್ಯಾಸ್ ಬಿಯರಿನ ನಲ್ಲಿ ಕೂರಿಸಲು ಪಬ್ಬಿನ ಒಡೆತನದ ಬಿಯರು ಕಂಪನಿ ಮಂಗಳವಾರ ನಿನ್ನನ್ನೇ ಕಳಿಸುತ್ತಿದೆ. ಕೆಲಸದ ಚೀಟಿಯ ಪ್ರತಿ ಪಬ್ ನಡೆಸುವ ಮಿಸೆಸ್ ರೇಬೋಲ್ಡ್ ಅವರ ಹತ್ತಿರ ಬಂದಿದೆ. ಫಿಟ್ಟರ್ ಎಂಬಲ್ಲಿ ಕ್ಲೆಮ್ ಎಂದು ನಿನ್ನ ಹೆಸರು ನೋಡಿ ನನಗೆ ಸಿಟ್ಟು ಬಂತು. ಆಮೇಲೆ, ಬೇರೆ ಯಾರೋ ಬರುವುದಕ್ಕಿಂತ ನೀನೇ ಬರುವುದು ಒಳ್ಳೆಯದು ಅನ್ನಿಸಿತು.

ಸ್ವಾನ್ ಪಬ್ಬನ್ನು ರಸ್ತೆ ಅಗಲ ಮಾಡಲು ಕೆಡವಿದರು. ವೀಟ್‌ಶೀಫ್‌ನಲ್ಲಿ ಈಗ ಜಮಖಾನೆ ಮಾರುತ್ತಾರೆ. ಅಗಸೆಕಟ್ಟೆಯಂತೆ ಊರಿನ ಮಾತೆಲ್ಲ ಬಂದು ಕೂರುತ್ತಿದ್ದ ರೈಲ್ವೆ ಸೇತುವೆಯ ಪಕ್ಕದ ಆ ಪುಟ್ಟ ಪಬ್ಬು ಇದೆ, ಆದರೆ ಅಲ್ಲಿ ಗ್ಯಾಸ್ ಬಂದಿದೆ. ಸತ್ತ ಬಿಯರಿಗೆ ಗ್ಯಾಸ್ ಊದಿ ಎಬ್ಬಿಸಿ ಕೂರಿಸುವುದು ಎಂದು ಅದನ್ನು ಬೈಯುತ್ತಿದ್ದವನು ನೀನೇ. ದುಡಿಯುವವನು ಸಂಜೆ ಏನು ಕುಡಿಯಬೇಕೆಂದು ಲಂಡನ್ನಿನಲ್ಲಿ ಕೂತ ಪಾಲುದಾರರು ತೀರ್ಮಾನಿಸಬಾರದು ಎಂಬುದನ್ನು ನಾನು ಕರಪತ್ರಗಳಲ್ಲಿ ಓದಿ ಕಲಿತೆ. ಆದರೆ ನಮ್ಮ ಕಪ್ಪು ಮೈಲ್ಡ್ ಬಿಯರು ಏನೆಂಬುದನ್ನು ಓದಿ ಕಲಿತದ್ದಲ್ಲ. ಭಾನುವಾರ ಅಮ್ಮ ಜಗ್ಗು ಕೊಟ್ಟು ಮನೆಗೆ ಒಯ್ಯುವವರಿಗೆ ಬಿಯರು ಕೊಡುವ ಆಂಕರಿನ ಓಣಿಯ ಕಿಂಡಿಗೆ ಕಳಿಸುತ್ತಿದ್ದಳು. ಬರುವ ದಾರಿಯಲ್ಲಿ ನೊರೆಗೆ ನಾಲಿಗೆ ಹಾಕುತ್ತಿದ್ದೆ. ಸೀದ ಬ್ರೆಡ್ಡಿನ ಅಂಚಿನಂಥ ರುಚಿ, ಅದರ ಹಿಂದೆ ಸಣ್ಣಗೆ ಸಿಹಿ. ಸರಪಳಿ ಕಾರ್ಖಾನೆಯ ಕುಲುಮೆಯಿಂದ ಬೆಂದು ಬಂದವರು ಕುಡಿಯಲೆಂದೇ ಮಾಡಿದ ಬಿಯರು ಅದು. ಅದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ.

ಕಳೆದ ವಾರ ಕಂಪನಿಯ ಮಿಸ್ಟರ್ ಕ್ರೇವನ್ ಬಂದು ಒಂದು ಮಾತು ಹೇಳಿ ಹೋದ. ಪೀಪಾಯಿಯ ಬಿಯರನ್ನು ತೆರೆದರೆ ಮೂರು ದಿನದಲ್ಲಿ ಖಾಲಿಯಾಗಬೇಕು, ಇಲ್ಲದಿದ್ದರೆ ಹುಳಿಯಾಗುತ್ತದೆ. ಆಂಕರಿನಲ್ಲಿ ಈಗ ಅಷ್ಟು ಜನ ಇಲ್ಲ. ಗಂಡಸರ ಬಾರಿಗೂ ಹೆಂಗಸರು ಕೂರುವ ಒಳಕೋಣೆಗೂ ನಡುವಿನ ಗೋಡೆ ಕೆಡವಿ ಒಂದೇ ದೊಡ್ಡ ಕೋಣೆ ಮಾಡಿದರೆ ವ್ಯಾಪಾರ ಏರುತ್ತದೆ, ಆಗ ಕೈಪಂಪು ಇರಲಿ. ಗೋಡೆ ಇರಲೇಬೇಕೆಂದರೆ ಪಂಪು ಹೋಗಲಿ, ಕೆಡದ ಗ್ಯಾಸ್ ಬಿಯರು ಬರಲಿ. ಎರಡಕ್ಕೂ ಕಂಪನಿ ತಯಾರು. ನನಗೆ ಇದಕ್ಕಿಂತ ಸಂತೋಷದ ಸುದ್ದಿ ಬೇರೆ ಇರಲಿಲ್ಲ. ಬಿಯರು ಉಳಿಯುತ್ತದೆ, ಹೆಂಗಸರಿಗೂ ಬಾರಿನ ಬಾಗಿಲು ತೆರೆಯುತ್ತದೆ. ಬೇಡ ಎನ್ನುವವರು ಯಾರಿರಲು ಸಾಧ್ಯ ಎಂದುಕೊಂಡೆ.

ಕುಡಿಯುವವರೇ ತೀರ್ಮಾನ ಮಾಡಲಿ ಎಂದು ಮಿಸೆಸ್ ರೇಬೋಲ್ಡ್ ಅಂದರು. ಬುಧವಾರ ಸಂಜೆ ಸಭೆ. ಸಭೆ ಕರೆದವಳು ನಾನು, ಮನೆಮನೆಗೆ ಕರಪತ್ರ ಹಂಚಿದವಳು ನಾನು. ಸಭೆ ನಡೆದದ್ದು ಮಾತ್ರ ಬಾರಿನಲ್ಲಿ. ಹೆಂಗಸರು ಅಲ್ಲಿ ಕಾಲಿಡುವಂತಿಲ್ಲವಲ್ಲ, ಓಣಿಯಲ್ಲಿ ನಿಂತು ಕಿಂಡಿಯೊಳಗೆ ತಲೆ ತೂರಿಸಿ ಭಾಷಣ ಮಾಡಿದೆ.

"ಜೋರಾಗ್ ಹೇಳವ್ವಾ, ಕಿಂಡಿ ಚಿಕ್ಕದು" ಎಂದ ನಿನ್ನ ಹಳೆಯ ಜೊತೆಗಾರ ಆ್ಯಬ್ನರ್.

"ಅವಳು ಹಿಂಗ್ ನಿಂತ್ಕೋಬೋದೇನ್ರೀ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ತಲೆ ಒಳಗೈತೆ, ಕಾಲು ಹೊರಗೈತೆ. ಕಾನೂನಿನ ಪ್ರಕಾರ ಸರಿಯಾಗೇ ಐತೆ ಬಿಡಪ್ಪ" ಎಂದ ಆ್ಯಬ್ನರ್.

ಎಲ್ಲರೂ ನಕ್ಕರು. ನಾನೂ ನಕ್ಕೆ, ಆಗ ಗೆಲ್ಲುತ್ತೇನೆಂಬ ನಂಬಿಕೆ ಇತ್ತು. ಕಂಪನಿಗಳು ಒಂದೊಂದೇ ಊರಿನ ಬಿಯರು ತಯಾರಿಕೆಯ ಮನೆಗಳನ್ನು ಹೇಗೆ ನುಂಗುತ್ತಿವೆ ಎಂದು ವಿವರಿಸಿದೆ. ತಲೆದೂಗಿದರು. ಗ್ಯಾಸ್ ಬಿಯರನ್ನು ನನಗಿಂತ ಚೆನ್ನಾಗಿ ಬೈದರು. ಆಮೇಲೆ ಗೋಡೆಯ ಮಾತು ಬಂತು.

"ಡಾರ್ಟ್ಸ್ ಹೊಡೆಯೋದೆಲ್ಲಿ ಆಮೇಲೆ? ಹೆಂಗಸರ ಕೈಚೀಲ ಇಡೋಕೇ ಒಂದು ಬೆಂಚು ಬೇಕು" ಎಂದ ಫ್ಲೋರಿ ಅತ್ತೆಯ ಗಂಡ.

ಆ್ಯಬ್ನರ್ ಎದ್ದು ನಿಂತ. ಲೋಟ ಕೆಳಗಿಟ್ಟು ತುಂಬ ಸಮಾಧಾನದಿಂದ ಹೇಳಿದ: "ನೋಡು ಮಗಳೇ, ನೀ ಹೇಳೋದು ನ್ಯಾಯವೇ. ಆದ್ರೆ ಕೆಟ್ಟ ಬಿಯರಿಗೆ ನಾಲಿಗೆ ಒಗ್ಗೋಗತ್ತೆ. ನಮ್ಮಾಕೆ ಪಕ್ಕದಲ್ಲಿ ಬಂದು ಕೂತ್ಕೊಂಡು 'ಇದು ಎಷ್ಟನೇದು' ಅಂತ ಕೇಳಿದ್ರೆ, ಅದಕ್ಕೆ ಈ ಜನ್ಮದಲ್ಲಿ ಒಗ್ಗಲ್ಲ."

ಕೈ ಎತ್ತಿಸಿದರು. ಗೋಡೆ ಗೆದ್ದಿತು.

ಕರಪತ್ರದಲ್ಲಿ ನಾನು 'ಜನರ ಬಿಯರು' ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಆ ಜನರಲ್ಲಿ ನಾನು ಸೇರಿದ್ದೇನೋ ಇಲ್ಲವೋ ಎಂದು ಯೋಚಿಸುತ್ತಾ ಕಿಂಡಿಯಿಂದ ತಲೆ ಹೊರಗೆ ತೆಗೆದೆ. ಕಂಪನಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ಕಂಪನಿಯನ್ನು ಚಿಕ್ಕಂದಿನಿಂದ ನೋಡಿ ಬೆಳೆದಿರುವುದಿಲ್ಲವಲ್ಲ.

ಒಳಕೋಣೆಯಲ್ಲಿ ಅಮ್ಮ, ಫ್ಲೋರಿ ಅತ್ತೆ, ಬೀದಿಯ ಇನ್ನೂ ಕೆಲವರು ಕಾದು ಕೂತಿದ್ದರು. ಹೇಳಿದೆ.

"ಅಂದ್ರೆ" ಎಂದಳು ಫ್ಲೋರಿ ಅತ್ತೆ, "ನನ್ನ ಪಕ್ಕ ಕೂರೋದಕ್ಕಿಂತ ಸಾಯೋವರ್ಗೂ ಸೋಡಾ ಕುಡೀತೀನಿ ಅಂದ ನನ್ನ ಗಂಡ."

"ನಿನ್ನ ಗಂಡ ಒಬ್ಬನೇ ಅಲ್ಲ ಬಿಡೇ" ಎಂದಳು ಅಮ್ಮ.

ಪಂಪು ಹೋಗುವುದಾದರೆ ಇರಲಿ ಎಂದು ಕ್ರೇವನ್ ಮೊದಲೇ ಕೊಟ್ಟು ಹೋಗಿದ್ದ ಕೆಲಸದ ಚೀಟಿಯನ್ನು ಮಿಸೆಸ್ ರೇಬೋಲ್ಡ್ ತಂದು ಮೇಜಿನ ಮೇಲಿಟ್ಟದ್ದು ಆಗಲೇ. ಅದರಲ್ಲಿ 'ಬಾರಿನ ಪಂಪುಗಳು' ಎಂದಷ್ಟೇ ಇದೆ. ಒಳಕೋಣೆಯ ಕಟ್ಟೆಯ ಮೇಲೂ ಒಂದು ಪಂಪಿದೆ, ಅದಕ್ಕೆ ಬೇರೆಯದೇ ಕೊಳವೆ ಇದೆ. ಕ್ರೇವನ್ ಹೆಂಗಸರ ಕೋಣೆಗೆ ತಲೆ ಹಾಕಿಯೂ ನೋಡಿಲ್ಲ, ಹಾಗಾಗಿ ಅವನಿಗೆ ಅದು ಗೊತ್ತಿಲ್ಲ.

"ಚಿಕ್ಕ ಪೀಪಾಯಿ ತರಿಸ್ತೀನಿ, ಒಂಬತ್ತು ಗ್ಯಾಲನ್ ಕಣ್ರೇ. ಮೂರೇ ದಿನ. ಆಮೇಲೆ ವಿನೆಗರ್ ಆಯ್ತು ಅಂತ ನನ್ನ ಹತ್ರ ಅಳ್ಬೇಡಿ" ಎಂದರು ಮಿಸೆಸ್ ರೇಬೋಲ್ಡ್.

"ಆದ್ರೆ ಆಗ್ಲಿ, ಚಿಪ್ಸಿಗೆ ಹಾಕ್ಕೊಳ್ಳೋಣ" ಎಂದಳು ಫ್ಲೋರಿ ಅತ್ತೆ.

ಅಮ್ಮ ತಾನು ದಿನಾ ಎರಡು ಅರ್ಧ ಪೈಂಟು ಕುಡಿಯುವುದಾಗಿ ಒಪ್ಪಿದಳು. ಚಳಿ ಇದ್ದರೆ ಮೂರು. ಮಿಕ್ಕವರೂ ತಮ್ಮ ತಮ್ಮ ಪಾಲು ಹೇಳಿದರು. ಗಂಡಸರಲ್ಲಿ ಯಾರಿಗಾದರೂ ನಿಜವಾದ ಮೈಲ್ಡ್ ಬೇಕಾದರೆ ಒಳಕೋಣೆಗೆ ಬಂದು ಹೆಂಗಸರ ನಡುವೆ ಕೂತು ಕುಡಿಯಬೇಕು, ಲೋಟವನ್ನು ಬಾರಿಗೆ ಒಯ್ಯುವಂತಿಲ್ಲ ಎಂಬ ನಿಯಮವನ್ನೂ ಮಾಡಿದೆವು. ಅಪ್ಪಾ, ನಾನು ಎಷ್ಟೋ ಸಭೆಗಳಿಗೆ ಹೋಗಿದ್ದೇನೆ. ಇಷ್ಟು ಬೇಗ ಕೆಲಸ ಮುಗಿಸಿದ ಸಭೆಯನ್ನು ನೋಡಿಲ್ಲ.

ಈಗ ನಿನ್ನ ಕೆಲಸ. ನೆಲಮಾಳಿಗೆಗೆ ಇಳಿದ ಕೂಡಲೇ ಒಳಕೋಣೆಗೆ ಹೋಗುವ ಆ ಕೊಳವೆ ನಿನ್ನ ಕಣ್ಣಿಗೆ ಬೀಳುತ್ತದೆ. ಬೇರೆ ಯಾವ ಫಿಟ್ಟರ್ ಆದರೂ ಎಲ್ಲವನ್ನೂ ಒಟ್ಟಿಗೇ ಕತ್ತರಿಸಿ ವ್ಯಾನಿಗೆ ಎಸೆಯುತ್ತಾನೆ. ನೀನು ಅದನ್ನು ಮುಟ್ಟಬೇಡ. ಕಂಪನಿಗೆ ವರದಿಯನ್ನೂ ಮಾಡಬೇಡ. ಕ್ರೇವನ್ ಮುಂದೊಂದು ದಿನ ಕೇಳಿದರೆ ಚೀಟಿಯಲ್ಲಿ ಇದ್ದಷ್ಟು ಮಾಡಿದ್ದೇನೆ ಎನ್ನು, ಅದು ಸುಳ್ಳಲ್ಲ. ನಿನ್ನನ್ನು ಡಿಪೋದಲ್ಲಿ ಬೈಯಬಹುದು, ಕೆಲಸಕ್ಕೂ ಕುತ್ತು ಬರಬಹುದು. ಅದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಮಂಗಳವಾರ ನಾನು ಕಾರ್ಖಾನೆಯಲ್ಲಿರುತ್ತೇನೆ. ದಾರಿಗೆ ಅಡ್ಡ ಮಲಗುವುದಿಲ್ಲ, ಫಲಕ ಹಿಡಿಯುವುದಿಲ್ಲ. ಬಾರಿನ ಪಂಪುಗಳನ್ನು ಕಿತ್ತುಕೊಂಡು ಹೋಗು. ಅವರು ಕೇಳಿ ಪಡೆದದ್ದು ಅವರಿಗಿರಲಿ.

ನಿನ್ನ ಮಗಳು,
ಲೋರ್ನಾ

ತಾ.ಕ.: ಗೋಡೆ ಗೆದ್ದದ್ದು ಒಂದೇ ಒಂದು ಕೈಯಿಂದ. ಆ್ಯಬ್ನರ್ ಎರಡೂ ಕೈ ಎತ್ತಿದ್ದ. ಮಿಸೆಸ್ ರೇಬೋಲ್ಡ್ ಗದರಿದಾಗ, "ಎಡಗೈ ಕ್ಲೆಮ್‌ದು ಕಣಮ್ಮ. ಪಬ್ಬಿನ ಕ್ರಿಸ್ಮಸ್ ಚೀಟಿಗೆ ಇನ್ನೂ ನಮ್ಮ ಜೊತೆಗೇ ದುಡ್ಡು ಕಟ್ತಾನೆ, ಅವನಿಗೂ ಹಕ್ಕೈತೆ. ಡಿಪೋ ಗೇಟಿನ ಹತ್ರ ಕೇಳ್ದೆ, ಗೋಡೆ ಇರ್ಲಿ ಅಂದ" ಎಂದ. ಭಾರೀ ಅಂತರದಿಂದ ಸೋತೆವು ಎಂದು ಅಮ್ಮನಿಗೆ ಹೇಳಿದ್ದೇನೆ. ಗಂಡಸರು ಬಾರಿನ ಮಾತನ್ನು ಮನೆಗೆ ಒಯ್ಯುವುದಿಲ್ಲ, ಮಿಸೆಸ್ ರೇಬೋಲ್ಡ್ ಬಾಯಿ ಬಿಡುವವರಲ್ಲ. ನೀನು ಆ ಕೊಳವೆಯನ್ನು ಬಿಟ್ಟರೆ ಅಮ್ಮ ಹಾಗೆಯೇ ತಿಳಿದುಕೊಂಡಿರಲಿ. ಕತ್ತರಿಸಿದರೆ ನಿಜ ಹೇಳುತ್ತೇನೆ.